ಹಿಟ್ಟು ಉದುರಿದರೆ ಮಷೀನಲ್ಲ, ಚೈನು ನೋಡಿ

ಪ್ರಶ್ನೆ: ನಾವು ಮೂರು ಜನ ಕೊಪ್ಪಳ, ಗಂಗಾವತಿ, ಕುಷ್ಟಗಿ ಕಡೆ ಗಿಡ ಕಡಿಯುವ, ಟೊಂಗೆ ಸವರುವ ಕೆಲಸ ಮಾಡುತ್ತೇವೆ. ಹೆಚ್ಚಾಗಿ ಹುಣಸೆ, ಬೇವು, ಹೊಲದ ಬದುವಿನ ಬಳ್ಳಾರಿ ಜಾಲಿ. 22 ಇಂಚು ಬಾರ್ (ಚೈನು ಓಡುವ ಉದ್ದನೆ ಪಟ್ಟಿ) ಇರುವ 58 ಸಿಸಿ ಚೈನಾ ಚೈನ್‌ಸಾ, ಅಂದರೆ ಪೆಟ್ರೋಲ್ ಗರಗಸದ ಮಷೀನು, ಒಂದಿದೆ. ಬೆಳಿಗ್ಗೆ ಚೆನ್ನಾಗಿ ಕೊಯ್ಯುತ್ತದೆ, ಹನ್ನೊಂದು ಗಂಟೆಗೆಲ್ಲ ಹೊಗೆ ಬರುತ್ತದೆ, ಕೊಯ್ತ ಒಂದೇ ಕಡೆ ವಾಲುತ್ತದೆ. ಹದಿನೈದು ದಿನ ಬಿಟ್ಟು ತೆಗೆದರೆ ಸ್ಟಾರ್ಟ್ ಆಗುವುದಿಲ್ಲ. ಮೇಲೆ ಹತ್ತಲು ಅಂಗಡಿಯ ಹಳದಿ ಪ್ಲಾಸ್ಟಿಕ್ ಹಗ್ಗ ಬಳಸುತ್ತೇವೆ. ಕೈಯಲ್ಲಿ 60 ಸಾವಿರ ರೂಪಾಯಿ ಇದೆ. ದೊಡ್ಡ ಮಷೀನು ತೆಗೆದುಕೊಳ್ಳೋಣವೇ, ಬ್ಯಾಟರಿಯದೇ, ಬೇರೇನಾದರೂ?

ಉತ್ತರ: ದೊಡ್ಡ ಮಷೀನು ಬೇಡ. 58 ಸಿಸಿ ನಿಮ್ಮ ಕೆಲಸಕ್ಕೆ ಸಾಲದ ಇಂಜಿನ್ ಅಲ್ಲ. ಬೆಳಿಗ್ಗೆ ಕೊಯ್ದದ್ದು ಮಧ್ಯಾಹ್ನಕ್ಕೆ ಕೊಯ್ಯದಿದ್ದರೆ ಅಷ್ಟರಲ್ಲಿ ಬದಲಾದದ್ದು ಹಲ್ಲು, ಇಂಜಿನ್ ಅಲ್ಲ. ಹಣದ ಮಾತು ಕೊನೆಗೆ ಆಡೋಣ. ಮೊದಲು ಇರುವ ಮಷೀನು ಯಾಕೆ ಹೀಗೆ ಮಾಡುತ್ತಿದೆ ಎಂದು ನೋಡೋಣ, ಇಲ್ಲದಿದ್ದರೆ ಹೊಸದೂ ಮೂರು ತಿಂಗಳಲ್ಲಿ ಇದೇ ಗತಿಗೆ ಬರುತ್ತದೆ.

ನಾಳೆ ಕೆಲಸ ನಡೆದಿರುವಾಗ ಬಾರ್ ಕೆಳಗೆ ಉದುರಿದ್ದನ್ನು ಒಂದು ಮುಷ್ಟಿ ಎತ್ತಿಕೊಳ್ಳಿ. ಪೇಪರ್ ಅವಲಕ್ಕಿಯ ಹಾಗೆ ಚಪ್ಪಟೆ ಚೂರು ಇದ್ದರೆ ಚೈನು ಹರಿತವಾಗಿದೆ. ಜೋಳದ ಹಿಟ್ಟಿನ ಹಾಗಿದ್ದರೆ ಅದು ಕೊಯ್ಯುತ್ತಿಲ್ಲ, ಉಜ್ಜುತ್ತಿದೆ. ಒಣಗಿದ ಜಾಲಿಯಲ್ಲಿ ಮಾತ್ರ ಹರಿತ ಚೈನೂ ಸಣ್ಣ ಪುಡಿಯನ್ನೇ ಕೊಡುತ್ತದೆ, ಅಲ್ಲಿ ಇನ್ನೊಂದು ಗುರುತು ನೋಡಿ: ಮಷೀನಿನ ಸ್ವಂತ ತೂಕಕ್ಕೇ ಬಾರ್ ಒಳಗಿಳಿಯಬೇಕು. ನೀವು ಮೈಭಾರ ಹಾಕಿ ಒತ್ತುತ್ತಿದ್ದರೆ ಹಲ್ಲು ಹೋಗಿದೆ. ಒತ್ತಿದಾಗ ಚೈನು ಬಿಸಿಯಾಗಿ ಹಿಗ್ಗುತ್ತದೆ, ಸಡಿಲವಾಗಿ ಬಾರ್‌ನ ಅಂಚು ತಿನ್ನುತ್ತದೆ, ಕ್ಲಚ್ ಜಾರಿ ಡ್ರಮ್ ಕಾಯುತ್ತದೆ. ನಿಮಗೆ ಹನ್ನೊಂದು ಗಂಟೆಗೆ ಕಾಣುವ ಹೊಗೆ ಬಹುತೇಕ ಸೈಲೆನ್ಸರಿನದಲ್ಲ. ಬಾರ್ ಹತ್ತಿರದ್ದಾದರೆ ಮರ ಮತ್ತು ಆಯಿಲ್ ಸುಡುತ್ತಿರುವ ಹೊಗೆ ಅದು.

ಇಲ್ಲಿ ಚೈನು ಬೇಗ ಮೊಂಡಾಗುವುದಕ್ಕೆ ಮರದ ಗಟ್ಟಿತನಕ್ಕಿಂತ ತೊಗಟೆಯೊಳಗಿನ ಮಣ್ಣೇ ದೊಡ್ಡ ಕಾರಣ. ರಸ್ತೆ ಬದಿಯ ಹುಣಸೆಯ ತೊಗಟೆ ಬಿರುಕು ಬಿರುಕು. ಅದರೊಳಗೆ ವರ್ಷಗಟ್ಟಲೆ ಧೂಳು ಕೂತಿರುತ್ತದೆ. ಸಂಡೂರು ಕಡೆ ಅದಿರಿನ ಕೆಂಪು ಧೂಳು, ಗಿಣಿಗೇರಾ ಕಡೆ ಕಪ್ಪು ಧೂಳು. ಎರಡೂ ಹಲ್ಲಿಗೆ ಸಾಣೆಕಲ್ಲಿನ ಪುಡಿ ಇದ್ದ ಹಾಗೆ. ಕೊಯ್ಯುವ ಜಾಗದಲ್ಲಿ ನಾಲ್ಕು ಬೆರಳು ಅಗಲ ತೊಗಟೆಯನ್ನು ಕೊಡಲಿಯಿಂದ ಸುತ್ತ ಎತ್ತಿಬಿಡಿ, ಅಥವಾ ತಂತಿ ಬ್ರಷ್‌ನಿಂದ ಉಜ್ಜಿ. ಎರಡು ನಿಮಿಷದ ಕೆಲಸ, ಒಂದು ಸಾಣೆ ಉಳಿಯುತ್ತದೆ. ಬುಡಕ್ಕೆ ಕೊಯ್ಯುವಾಗ ಬಾರ್‌ನ ಮೂತಿ ಒಂದು ಸಲ ನೆಲಕ್ಕೋ ಕಟ್ಟೆಯ ಕಲ್ಲಿಗೋ ತಾಗಿದರೆ ಆ ದಿನದ ಹರಿತ ಅಲ್ಲಿಗೆ ಮುಗಿಯಿತು.

ಊರ ಮುಂದಿನ ಬೇವು, ಹುಣಸೆಗಳಲ್ಲಿ ಮೊಳೆ ಇದ್ದೇ ಇರುತ್ತದೆ. ಬೋರ್ಡ್ ಹೊಡೆದದ್ದು, ಎಮ್ಮೆ ಕಟ್ಟಲು ಬಡಿದ ಕೊಂಡಿ, ಬೇಲಿಯ ಮುಳ್ಳುತಂತಿ. ಮರ ಬೆಳೆದು ಅದನ್ನು ನುಂಗಿರುತ್ತದೆ, ಹೊರಗೆ ಕಾಣುವುದಿಲ್ಲ. ಕೊಯ್ದ ಮುಖದಲ್ಲಿ ಶಾಯಿ ಚೆಲ್ಲಿದಂಥ ನೀಲಿಗಪ್ಪು ಗೆರೆ ಕಂಡರೆ ಅಲ್ಲೇ ನಿಲ್ಲಿಸಿ. ಮರದ ಒಗರಿಗೆ ಕಬ್ಬಿಣ ಸೇರಿದಾಗ ಆ ಬಣ್ಣ ಬರುತ್ತದೆ, ಕಬ್ಬಿಣ ಹತ್ತಿರದಲ್ಲೇ ಇದೆ ಎಂದರ್ಥ. ಒಂದಡಿ ಮೇಲೋ ಕೆಳಗೋ ಹೊಸ ಕೊಯ್ತ ಶುರು ಮಾಡಿ.

ಈಗ ಚೈನಿನ ಲೆಕ್ಕ. ಈ ಜಾತಿಯ 58 ಸಿಸಿ ಮಷೀನುಗಳಿಗೆ ಸಾಮಾನ್ಯವಾಗಿ ಬರುವುದು 0.325 ಇಂಚು ಪಿಚ್ (ಕೊಂಡಿಗಳ ನಡುವಿನ ಅಂತರದ ಅಳತೆ), 1.5 ಮಿ.ಮೀ. ಗೇಜಿನ (ಬಾರ್ ಸಂದಿಯಲ್ಲಿ ಕೂರುವ ಕೊಂಡಿಯ ದಪ್ಪ) ಚೈನು. 22 ಇಂಚಿಗೆ 86 ಡ್ರೈವ್ ಲಿಂಕ್ (ಬಾರ್ ಸಂದಿಯಲ್ಲಿ ಓಡುವ ಕೊಂಡಿ), 20 ಇಂಚಿಗೆ 76, 18 ಇಂಚಿಗೆ 72. ಬಾರ್‌ನ ಹಿಂಭಾಗದಲ್ಲಿ ಇದೆಲ್ಲ ಒತ್ತಿರುತ್ತದೆ. ಅದನ್ನು ಓದಿ, ಲಿಂಕ್ ಎಣಿಸಿಕೊಂಡು ಅಂಗಡಿಗೆ ಹೋಗಿ, ಬರೀ ‘22 ಇಂಚಿನ ಚೈನು ಕೊಡಿ’ ಎಂದರೆ ಹೊಂದದ್ದು ಕೈಗೆ ಬರುತ್ತದೆ. ಕೊಳ್ಳುವಾಗ ಹಲ್ಲಿನ ಮೂಲೆ ನೋಡಿ. ಮೂಲೆ ಚೂಪಾಗಿದ್ದರೆ ಫುಲ್ ಚಿಸೆಲ್, ಸ್ವಲ್ಪ ದುಂಡಗಿದ್ದರೆ ಸೆಮಿ ಚಿಸೆಲ್. ಶುದ್ಧ ಹಸಿ ಮರದಲ್ಲಿ ಚೂಪು ಮೂಲೆಯದು ವೇಗ, ನಿಜ. ಆದರೆ ಧೂಳಿನಲ್ಲಿ ಮೊದಲು ಹೋಗುವುದು ಆ ಮೂಲೆಯೇ. ನಮ್ಮ ಸೀಮೆಗೆ ಸೆಮಿ ಚಿಸೆಲ್ಲೇ ಸರಿ, ಇದರಲ್ಲಿ ಎರಡು ಮಾತಿಲ್ಲ. ಜೊತೆಗೆ 22 ಇಂಚು ಬಾರ್ ಇಳಿಸಿ 18 ಇಂಚು ಹಾಕಿ. ಹಲ್ಲು ಕಡಿಮೆ, ಇಂಜಿನ್ನಿಗೆ ಎಳೆಯುವ ಭಾರ ಕಡಿಮೆ, ಸಾಣೆ ಹಿಡಿಯುವ ಹೊತ್ತೂ ಕಡಿಮೆ. ಒಂದೂವರೆ ಅಡಿಗಿಂತ ದಪ್ಪದ ಬೊಡ್ಡೆಯನ್ನು ಎರಡೂ ಕಡೆಯಿಂದ ಕೊಯ್ದರಾಯಿತು.

ಸಾಣೆಗೆ 4.8 ಮಿ.ಮೀ. ದುಂಡನೆ ಅರ ಬೇಕು. ಅಂಗಡಿಯಲ್ಲಿ ಕೈಗೆ ಸಿಕ್ಕ ಯಾವುದೋ ದುಂಡರ ಆಗುವುದಿಲ್ಲ. ತೆಳ್ಳಗಿದ್ದರೆ ಹಲ್ಲು ಕೊಕ್ಕೆಯಂತಾಗಿ ಮರ ಕಚ್ಚಿ ಜಗ್ಗುತ್ತದೆ, ಎರಡೇ ಬೊಡ್ಡೆಗೆ ಮೊಂಡಾಗುತ್ತದೆ. ದಪ್ಪಗಿದ್ದರೆ ಹಲ್ಲಿನ ಮುಖ ಹಿಂದಕ್ಕೆ ವಾಲಿ ಕಚ್ಚುವುದೇ ಇಲ್ಲ. ಬಾರನ್ನು ವೈಸ್‌ನಲ್ಲಿ ಹಿಡಿಸಿ. ಹೊಲದಲ್ಲಿದ್ದರೆ ಮೊಂಡು ಬೊಡ್ಡೆಯಲ್ಲಿ ಒಂದು ಸೀಳು ಕೊಯ್ದು ಅದರಲ್ಲಿ ಬಾರ್ ಸಿಕ್ಕಿಸಿ, ಬ್ರೇಕ್ ಹಾಕಿ. ಇರುವ ಹಲ್ಲುಗಳಲ್ಲಿ ಅತಿ ಗಿಡ್ಡದ್ದನ್ನು ಹುಡುಕಿ ಪೆನ್ನಿನಿಂದ ಗುರುತು ಮಾಡಿ, ಅದರಿಂದಲೇ ಶುರು. ಅರದ ಐದನೇ ಒಂದು ಭಾಗ ಹಲ್ಲಿನ ಮೇಲಂಚಿನಿಂದ ಮೇಲೆ ಕಾಣಬೇಕು. ಕೋನ 30 ಡಿಗ್ರಿ, ಒಣ ಜಾಲಿಯೇ ಹೆಚ್ಚಿದ್ದರೆ 25. ಒಳಗಿನಿಂದ ಹೊರಕ್ಕೆ, ಮುಂದಕ್ಕೆ ಮಾತ್ರ ತಳ್ಳಿ. ಹಿಂದಕ್ಕೆ ಎಳೆಯುವಾಗ ಅರವನ್ನು ಎತ್ತಿಬಿಡಿ, ಉಜ್ಜುತ್ತಾ ಎಳೆದರೆ ಅರವೇ ಸವೆಯುತ್ತದೆ. ಮೂರೋ ನಾಲ್ಕೋ ತಳ್ಳು ಸಾಕು, ಆದರೆ ಎಲ್ಲ ಹಲ್ಲಿಗೂ ಅಷ್ಟೇ.

ಕೊಯ್ತ ಒಂದೇ ಕಡೆ ವಾಲುವುದಕ್ಕೆ ಉತ್ತರ ಇಲ್ಲೇ ಇದೆ. ಬಲಗೈಯವರು ಒಂದು ಸಾಲಿಗೆ ಜೋರಾಗಿ, ಇನ್ನೊಂದು ಸಾಲಿಗೆ ಮೆಲ್ಲಗೆ ಉಜ್ಜುತ್ತಾರೆ. ಒಂದು ಕಡೆಯ ಹಲ್ಲು ಗಿಡ್ಡ, ಇನ್ನೊಂದು ಕಡೆಯದು ಉದ್ದ ಆದಾಗ ಬಾರ್ ಉದ್ದ ಹಲ್ಲಿನ ಕಡೆಗೆ ತಿರುಗುತ್ತದೆ. ಪಟ್ಟಿ ಹಿಡಿದು ಅಳೆದು ಎಲ್ಲವನ್ನೂ ಗಿಡ್ಡ ಹಲ್ಲಿನ ಸಮಕ್ಕೆ ತನ್ನಿ. ಆಮೇಲೂ ವಾಲಿದರೆ ಬಾರ್‌ನ ಎರಡು ಅಂಚುಗಳಲ್ಲಿ ಒಂದು ತಗ್ಗಿದೆ. ಬಾರನ್ನು ಗಾಜಿನ ಮೇಲೆ ನೇರ ನಿಲ್ಲಿಸಿ, ಓರೆಯಾದರೆ ಚಪ್ಪಟೆ ಅರದಿಂದ ಅಂಚು ಸಮ ಮಾಡಿ.

ಪ್ರತಿ ಹಲ್ಲಿನ ಮುಂದೆ ಸಣ್ಣ ಉಬ್ಬು ಇದೆಯಲ್ಲ, ಅದು ಡೆಪ್ತ್ ಗೇಜ್, ಹಲ್ಲು ಎಷ್ಟು ಆಳ ಕಚ್ಚಬೇಕೆಂದು ನಿಗದಿ ಮಾಡುವುದು. ಹಲ್ಲಿನ ಮೇಲಂಚಿಗಿಂತ ಅದು 0.65 ಮಿ.ಮೀ. ತಗ್ಗಿರಬೇಕು. ಹಲ್ಲು ಸವೆದಂತೆ ಈ ಅಂತರ ಕಡಿಮೆಯಾಗುತ್ತದೆ, ಎಷ್ಟು ಹರಿತ ಮಾಡಿದರೂ ಹಿಟ್ಟೇ ಬೀಳುತ್ತದೆ. ನಾಲ್ಕೈದು ಸಾಣೆಗೊಮ್ಮೆ ಗೇಜ್ ಪಟ್ಟಿ ಇಟ್ಟು, ಮೇಲೆ ಕಂಡಷ್ಟನ್ನು ಚಪ್ಪಟೆ ಅರದಿಂದ ಇಳಿಸಿ, ಮುಂದಿನ ಮೂಲೆಯನ್ನು ಮೊದಲಿನ ಹಾಗೆ ದುಂಡಗೆ ಮಾಡಿ. ‘ಜೋರಾಗಿ ಕೊಯ್ಯಲಿ’ ಎಂದು ಕಣ್ಣಂದಾಜಿನಲ್ಲಿ ಹೆಚ್ಚು ಇಳಿಸುವವರಿದ್ದಾರೆ. ಹಾಗೆ ಮಾಡಿದ ಚೈನು ಹುಣಸೆಯಲ್ಲಿ ಕಚ್ಚಿ ಮಷೀನನ್ನೇ ಮುಖಕ್ಕೆ ಎತ್ತಿ ಹೊಡೆಯಬಹುದು. ಹಲ್ಲು 4 ಮಿ.ಮೀ.ಗೆ ಬಂದಾಗ ಚೈನು ಗುಜರಿಗೆ. ಎರಡು ಚೈನು ಸವೆದ ಮೇಲೆ ಸ್ಪ್ರಾಕೆಟ್ (ಚೈನು ಓಡಿಸುವ ಹಲ್ಲುಚಕ್ರ) ಕೂಡ ಬದಲಿಸಿ, ಸವೆದ ಸ್ಪ್ರಾಕೆಟ್ ಮೇಲೆ ಹೊಸ ಚೈನು ಬೇಗ ಹಾಳಾಗುತ್ತದೆ.

ಬಾರ್ ಆಯಿಲ್ ಜಾಗದಲ್ಲಿ ಗ್ಯಾರೇಜಿನ ಸುಟ್ಟ ಆಯಿಲ್ ಹಾಕುತ್ತಿದ್ದರೆ ಇವತ್ತೇ ನಿಲ್ಲಿಸಿ. ಅದರಲ್ಲಿ ಲೋಹದ ಸಣ್ಣ ಪುಡಿ ಇರುತ್ತದೆ, ಪಂಪು ಸವೆಯುತ್ತದೆ. ಚೈನು ಅದನ್ನು ನಿಮ್ಮ ಕೈ ಮೈಗೆಲ್ಲ ಎರಚುತ್ತದೆ, ಚರ್ಮಕ್ಕೆ ಅದು ಕೆಟ್ಟದ್ದು. ಚೈನ್ ಆಯಿಲ್ ಸಿಗದಿದ್ದರೆ ಹೊಸ ಎಸ್‌ಎಇ 40 ಆಯಿಲ್ ನಡೆಯುತ್ತದೆ. 40 ಡಿಗ್ರಿ ದಾಟುವ ಏಪ್ರಿಲ್, ಮೇನಲ್ಲಿ ತೆಳು ಆಯಿಲ್ ಬಾರ್ ತುದಿ ಮುಟ್ಟುವ ಮೊದಲೇ ಹಾರಿಹೋಗುತ್ತದೆ. ಶೇಂಗಾ ಎಣ್ಣೆ ಹಾಕಿ ವಾರಗಟ್ಟಲೆ ಬಿಟ್ಟರೆ ಪಂಪಿನಲ್ಲಿ ಅಂಟಾಗಿ ಕೂರುತ್ತದೆ. ಆಯಿಲ್ ಬರುತ್ತಿದೆಯೇ ನೋಡಲು ಬಾರ್ ಮೂತಿಯನ್ನು ರಟ್ಟಿನ ಹಾಳೆಗೆ ಒಂದು ಗೇಣು ದೂರ ಹಿಡಿದು ಅರ್ಧಕ್ಕಿಂತ ಹೆಚ್ಚು ರೇಸ್ ಕೊಡಿ, ಹಾಳೆಯ ಮೇಲೆ ಗೆರೆ ಮೂಡಬೇಕು. ಇನ್ನೊಂದು ಲೆಕ್ಕವೂ ಇದೆ: ಪೆಟ್ರೋಲ್ ಟ್ಯಾಂಕ್ ಖಾಲಿಯಾಗುವ ಹೊತ್ತಿಗೆ ಆಯಿಲ್ ಟ್ಯಾಂಕೂ ತಳ ಕಾಣುವ ಹಾಗಿರಬೇಕು. ಅದು ತುಂಬಿಯೇ ಇದ್ದರೆ ತೂತು ಕಟ್ಟಿದೆ. ಬಾರ್ ಕಳಚಿ, ಅದರ ಅಂಚಿನ ಸಂದಿಯೊಳಗಿನ ಕೆಸರನ್ನು ತೆಳು ತಗಡಿನಿಂದ ಕೆರೆದು, ಆಯಿಲ್ ತೂತಿಗೆ ತಂತಿ ಹಾಯಿಸಿ. ಬಾರನ್ನು ಪ್ರತಿದಿನ ತಿರುವಿ ಹಾಕಿ, ಇಲ್ಲದಿದ್ದರೆ ಕೆಳಗಿನ ಅಂಚೊಂದೇ ಸವೆಯುತ್ತದೆ. ಸಂಜೆ ಕೆಲಸ ಮುಗಿದ ಮೇಲೆ ಚೈನು ಸಡಿಲಿಸಿಡಿ. ಬಿಸಿಯಲ್ಲಿ ಬಿಗಿದದ್ದು ತಣಿದು ಕುಗ್ಗಿದಾಗ ಕ್ರ್ಯಾಂಕಿನ ಬೇರಿಂಗನ್ನು ಜಗ್ಗುತ್ತದೆ.

ಇನ್ನು ಸ್ಟಾರ್ಟಿನ ತಕರಾರು. ಈಗ ಬಂಕಿನಲ್ಲಿ ಸಿಗುವುದು ಬಹುಮಟ್ಟಿಗೆ ಇ20, ಅಂದರೆ ನೂರಕ್ಕೆ 20 ಭಾಗ ಎಥೆನಾಲ್. ಎಥೆನಾಲ್ ಗಾಳಿಯ ತೇವ ಹೀರುತ್ತದೆ, ಹದಿನೈದು ಇಪ್ಪತ್ತು ದಿನ ಟ್ಯಾಂಕಿನಲ್ಲಿ ನಿಂತರೆ ಕಾರ್ಬುರೇಟರಿನ ತೆಳು ರಬ್ಬರ್ ಪೊರೆ ಗಟ್ಟಿಯಾಗುತ್ತದೆ, ಪೈಪು ಮೆತ್ತಗಾಗಿ ಬಿರಿಯುತ್ತದೆ. ಬಹಳಷ್ಟು ಚೈನ್‌ಸಾ ಮ್ಯಾನ್ಯುವಲ್‌ಗಳು ಒಪ್ಪುವುದು 10 ಭಾಗದವರೆಗೆ. ಬೇರೆ ಪೆಟ್ರೋಲ್ ಸಿಗದಿದ್ದಾಗ ಮಾಡಬೇಕಾದದ್ದು ಇಷ್ಟೇ: ಆ ವಾರಕ್ಕೆ ಬೇಕಾದಷ್ಟೇ ಪೆಟ್ರೋಲಿಗೆ ಆಯಿಲ್ ಕಲಸಿ, ಮೂರು ದಿನಕ್ಕಿಂತ ಹೆಚ್ಚು ಬಿಡುವಿದ್ದರೆ ಟ್ಯಾಂಕ್ ಖಾಲಿ ಮಾಡಿ, ಮಷೀನು ತಾನಾಗಿ ಆರುವವರೆಗೆ ಓಡಿಸಿ ಇಡಿ. ಕಾರ್ಬುರೇಟರ್ ಕಿಟ್ ಮತ್ತು ಟ್ಯಾಂಕಿನೊಳಗಿನ ಫಿಲ್ಟರ್ ಒಂದೊಂದು ಜೊತೆ ಪೆಟ್ಟಿಗೆಯಲ್ಲಿರಲಿ.

ಮಿಶ್ರಣಕ್ಕೆ 2ಟಿ ಆಯಿಲ್ ಮಾತ್ರ, ಬೈಕಿನ 20ಡಬ್ಲ್ಯು-40 ಅಲ್ಲ. ಡಬ್ಬಿಯ ಮೇಲೆ ಜಾಸೊ (ಜಪಾನಿನ ಗುಣಮಟ್ಟದ ಗುರುತು) ಎಫ್‌ಸಿ ಅಥವಾ ಎಫ್‌ಡಿ ಎಂದಿರಲಿ. ಮ್ಯಾನ್ಯುವಲ್ 25:1 ಎಂದರೆ ಲೀಟರಿಗೆ 40 ಮಿ.ಲೀ., 50:1 ಎಂದರೆ 20 ಮಿ.ಲೀ. ಮುಚ್ಚಳದ ಲೆಕ್ಕ ಬಿಡಿ, ಮೆಡಿಕಲ್ ಅಂಗಡಿಯಿಂದ 20 ಮಿ.ಲೀ.ನ ಸಿರಿಂಜ್ ತಂದು ಅಳೆಯಿರಿ. ಆಯಿಲ್ ಕಡಿಮೆಯಾದರೆ ಪಿಸ್ಟನ್ ಗೀರಿ ಜಾಮ್ ಆಗುತ್ತದೆ. ಹೆಚ್ಚಾದರೆ ಹೊಗೆ, ಪ್ಲಗ್ ಕಪ್ಪು.

ಸ್ಟಾರ್ಟಿನ ಹಗ್ಗ ಎಳೆದು ಸಾಕಾದಾಗ ಪ್ಲಗ್ ಬಿಚ್ಚಿ ನೋಡಿ. ಒದ್ದೆಯಾಗಿದ್ದರೆ ಪೆಟ್ರೋಲ್ ತುಂಬಿಕೊಂಡಿದೆ. ಚೋಕ್ ತೆಗೆದು, ಪ್ಲಗ್ ತೂತು ಕೆಳಮುಖ ಮಾಡಿ ಹತ್ತು ಸಲ ಎಳೆದು ಒಣಗಿಸಿ. ಬಿಚ್ಚಿದಾಗಲೇ ಪ್ಲಗ್ ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ, ಫಿಲ್ಟರ್, ಪೈಪು, ಪೊರೆ ಹೀಗೆ ಒಂದೊಂದಾಗಿ ನೋಡಿ. ಪ್ಲಗ್ ಅಂತರ ಮ್ಯಾನ್ಯುವಲ್‌ನಂತೆ, ಸಾಮಾನ್ಯವಾಗಿ 0.5ರಿಂದ 0.7 ಮಿ.ಮೀ. ಮಷೀನು ಹತ್ತು ನಿಮಿಷ ಓಡಿ ಆರಿ, ಟ್ಯಾಂಕ್ ಮುಚ್ಚಳ ತೆಗೆದಾಗ ‘ಸುಸ್’ ಎಂದು ಗಾಳಿ ಒಳಗೆ ಎಳೆದು, ಮತ್ತೆ ಹೊತ್ತಿದರೆ ಕಾರ್ಬುರೇಟರಿಗೆ ಕೈ ಹಚ್ಚಬೇಡಿ. ಟ್ಯಾಂಕಿನ ಗಾಳಿ ತೂತು ಧೂಳಿಗೆ ಕಟ್ಟಿದೆ, ಅಷ್ಟೇ.

ಏರ್ ಫಿಲ್ಟರನ್ನು ಇಲ್ಲಿ ದಿನಾ ತೆಗೆಯಬೇಕು, ವಾರಕ್ಕೊಮ್ಮೆ ಅಲ್ಲ. ತೆಗೆಯುವ ಮೊದಲು ಚೋಕ್ ಮುಚ್ಚಿ, ಇಲ್ಲದಿದ್ದರೆ ಸುತ್ತಲಿನ ಧೂಳು ನೇರ ಒಳಗೆ ಬೀಳುತ್ತದೆ. ಸೋಪಿನ ನೀರಲ್ಲಿ ತೊಳೆದು ನೆರಳಿನಲ್ಲಿ ಪೂರ್ತಿ ಒಣಗಿಸಿ. ಪಂಕ್ಚರ್ ಅಂಗಡಿಯ ಗಾಳಿ ಬಿಟ್ಟರೆ ತೆಳು ಫಿಲ್ಟರ್ ಹರಿಯುತ್ತದೆ. ಅದಕ್ಕೇ ಎರಡು ಫಿಲ್ಟರ್ ಇಟ್ಟುಕೊಳ್ಳಿ, ಒಂದು ಒಣಗುವಾಗ ಇನ್ನೊಂದು ಓಡಲಿ. ಸಿಲಿಂಡರಿನ ರೆಕ್ಕೆಗಳ ಸಂದಿಯಲ್ಲಿ ಆಯಿಲ್ ಹಿಡಿದ ಹಿಟ್ಟು ತುಂಬಿರುತ್ತದೆ, ಮರದ ಕಡ್ಡಿಯಿಂದ ಕೆರೆಯಿರಿ. ಮೇ ತಿಂಗಳಲ್ಲಿ ಇಂಜಿನ್ ಸಾಯುವುದು ಹೆಚ್ಚಾಗಿ ಇದರಿಂದಲೇ.

ಈಗ ಹತ್ತುವ ಹಗ್ಗ. ಹಳದಿ ಪ್ಲಾಸ್ಟಿಕ್ ಹಗ್ಗ ಪಾಲಿಪ್ರೊಪಿಲೀನ್. ಸುಮಾರು 160 ಡಿಗ್ರಿಗೆ ಕರಗುತ್ತದೆ, ಟೊಂಗೆಯ ಮೇಲೆ ಹಗ್ಗ ಜೋರಾಗಿ ಉಜ್ಜಿದರೆ ಅಷ್ಟು ಬಿಸಿ ಹುಟ್ಟುತ್ತದೆ. ಬಿಸಿಲಿಗೆ ಒಂದೇ ಬೇಸಿಗೆಯಲ್ಲಿ ಎಳೆ ಪುಡಿಪುಡಿಯಾಗುತ್ತದೆ. ಹೊರೆ ಕಟ್ಟಲು ಇರಲಿ, ಮನುಷ್ಯನನ್ನು ಅದಕ್ಕೆ ಕಟ್ಟಬೇಡಿ. ಹತ್ತಲು ಇಎನ್ (ಯುರೋಪಿನ ಗುಣಮಟ್ಟ) 1891 ಟೈಪ್ ಎ ಗುರುತಿನ, 11ರಿಂದ 13 ಮಿ.ಮೀ. ದಪ್ಪದ ಹಗ್ಗ ಬೇಕು. ಅದರ ಬಲ ಕನಿಷ್ಠ 22 ಕಿಲೋನ್ಯೂಟನ್, ಸುಮಾರು 2,200 ಕೆಜಿ ತೂಕದಷ್ಟು. ನೀವು ಹತ್ತುವ ಎತ್ತರದ ಎರಡರಷ್ಟು ಉದ್ದ ಮತ್ತೆ ಐದು ಮೀಟರ್ ಇರಲಿ, ಹಳೇ ಹುಣಸೆಗೆ 45 ಮೀಟರ್ ಸಾಕಾಗುತ್ತದೆ.

ಹಾರ್ನೆಸ್ ಕೇಳಿದರೆ ಇಲ್ಲಿನ ಅಂಗಡಿಯವರು ಕಟ್ಟಡದ ಕೆಲಸದ ಬೆಲ್ಟ್ ಕೊಡುತ್ತಾರೆ, ಐಎಸ್ (ಭಾರತೀಯ ಗುಣಮಟ್ಟ) 3521 ಎಂದು ಬರೆದಿರುತ್ತದೆ, ಕೊಂಡಿ ಬೆನ್ನ ಹಿಂದೆ. ಅದು ಬಿದ್ದವನನ್ನು ಹಿಡಿಯಲು ಮಾಡಿದ್ದು, ಕೂತು ಕೆಲಸ ಮಾಡಲಲ್ಲ. ಬೆನ್ನಿನ ಕೊಂಡಿಗೆ ಜೋತು ಬಿದ್ದರೆ ತೊಡೆಯ ಪಟ್ಟಿ ರಕ್ತ ತಡೆಯುತ್ತದೆ, ಕೆಲವೇ ನಿಮಿಷಕ್ಕೆ ತಲೆ ಸುತ್ತುತ್ತದೆ. ಗಿಡದ ಕೆಲಸಕ್ಕೆ ಕೂರುವ ಪಟ್ಟಿ, ಮುಂದೆ ಕೊಂಡಿ, ಸೊಂಟದ ಎರಡೂ ಬದಿ ಡಿ ರಿಂಗ್ ಇರುವ ಸೀಟ್ ಹಾರ್ನೆಸ್ ತರಿಸಿ, ಗುರುತು ಇಎನ್ 813 ಮತ್ತು ಇಎನ್ 358. ಕೊಂಡಿಗಳು ತಾವೇ ಲಾಕ್ ಆಗುವ, ಮೂರು ಚಲನೆಗೆ ತೆರೆಯುವಂಥವು. ಮಷೀನು ಮೇಲೆ ಬಂದಾಗಲೆಲ್ಲ ಎರಡು ಕಡೆ ಕಟ್ಟಿಕೊಂಡಿರಬೇಕು, ಹಗ್ಗ ಒಂದು, ಮರ ಸುತ್ತಿ ಸೊಂಟದ ರಿಂಗಿಗೆ ಹಾಕುವ ಗಿಡ್ಡ ಹಗ್ಗ, ಅಂದರೆ ಲ್ಯಾನ್ಯಾರ್ಡ್, ಇನ್ನೊಂದು. ಒಳಗೆ ಉಕ್ಕಿನ ತಂತಿ ಇರುವ ಲ್ಯಾನ್ಯಾರ್ಡ್ ಗರಗಸಕ್ಕೆ ಸ್ವಲ್ಪ ಹೊತ್ತು ತಡೆಯುತ್ತದೆ, ಅಷ್ಟೇ. ಕರೆಂಟ್ ತಂತಿಯ ಹತ್ತಿರ ಅದೇ ಅಪಾಯ.

ಪ್ರತಿ ಬೆಳಿಗ್ಗೆ ಇಡೀ ಹಗ್ಗವನ್ನು ಕೈಯಲ್ಲಿ ಜಾರಿಸಿ ನೋಡಿ. ಮೆತ್ತನೆ ಜಾಗ, ಗಂಟಿನಂಥ ಉಬ್ಬು, ಕರಗಿ ಹೊಳೆಯುವ ಕಲೆ ಇದೆಯೇ? ಅನುಮಾನ ಬಂದ ಕಡೆ ಬೆರಳಲ್ಲಿ ಮಡಿಸಿ. ಒಳ್ಳೆಯ ಹಗ್ಗ ಬಳೆಯಂತೆ ದುಂಡಗೆ ಬಾಗುತ್ತದೆ, ಒಳಗೆ ಹರಿದದ್ದು ಹುಲ್ಲುಕಡ್ಡಿಯಂತೆ ಚಪ್ಪಟೆಯಾಗಿ ಮುರಿದು ಬಾಗುತ್ತದೆ. ಅಂಥದ್ದನ್ನು ಅಲ್ಲಿಗೇ ಕತ್ತರಿಸಿಬಿಡಿ, ಯಾರೂ ತಿಳಿಯದೆ ಬಳಸದಿರಲಿ. ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಹಗ್ಗವನ್ನು ಬ್ಯಾಟರಿ ಪಕ್ಕ ಎಸೆಯಬೇಡಿ, ಆಸಿಡ್‌ನ ಒಂದು ಹನಿ ನೈಲಾನ್ ತಿನ್ನುತ್ತದೆ ಮತ್ತು ಕಣ್ಣಿಗೆ ಕಾಣುವುದೇ ಇಲ್ಲ. ಮಣ್ಣಾದರೆ ತಣ್ಣೀರು, ಸ್ವಲ್ಪ ಸೋಪು, ನೆರಳು. ತಗಡಿನ ಮೇಲೆ ಬಿಸಿಲಿಗೆ ಹಾಕಬೇಡಿ.

ಟೊಂಗೆ ಇಳಿಸುವ ಹಗ್ಗ ಬೇರೆಯೇ ಇರಬೇಕು. ಒಂದು ಲೆಕ್ಕ ಮಾಡಿ: 40 ಸೆಂ.ಮೀ. ದಪ್ಪ, ಒಂದು ಮೀಟರ್ ಉದ್ದದ ಹಸಿ ಹುಣಸೆಯ ತುಂಡು, ಘನ ಮೀಟರಿಗೆ ಒಂದೇ ಟನ್ ಹಿಡಿದರೂ 125 ಕೆಜಿ. ಸುಮ್ಮನೆ ತೂಗಿದರೂ ಮೇಲಿನ ರಾಟೆಗೆ ಬೀಳುವ ಭಾರ ಎರಡು ಪಟ್ಟು, ಏಕೆಂದರೆ ಕೆಳಗೆ ಹಿಡಿದವನೂ ಅಷ್ಟೇ ಎಳೆಯುತ್ತಿರುತ್ತಾನೆ. ಒಂದು ಮೀಟರ್ ಬಿದ್ದು ಜಗ್ಗಿ ನಿಂತರೆ ಇನ್ನೂ ಹಲವು ಪಟ್ಟು. ಆದ್ದರಿಂದ ಸಣ್ಣ ತುಂಡು, 12ರಿಂದ 16 ಮಿ.ಮೀ. ಇಳಿಸುವ ಹಗ್ಗ, ಬೊಡ್ಡೆಗೆ ಮೂರು ಸುತ್ತು.

ತಂತಿಯ ಪಕ್ಕದ ಟೊಂಗೆಗೆ ಅಲ್ಯೂಮಿನಿಯಂ ದೋಟಿ ಎತ್ತಲೇಬೇಡಿ. ಫೈಬರ್ ದೋಟಿಯೂ ಧೂಳು, ತೇವ ಕೂತರೆ ಕರೆಂಟ್ ಹರಿಸುತ್ತದೆ. ಜೆಸ್ಕಾಂ (ಇಲ್ಲಿನ ವಿದ್ಯುತ್ ಕಂಪನಿ) ಲೈನ್‌ಮನ್ ಎಲ್‌ಸಿ, ಅಂದರೆ ಲೈನ್ ಬಂದ್ ಮಾಡಿದ ಅನುಮತಿ, ತೆಗೆದುಕೊಂಡು ಅರ್ಥ್ ಮಾಡಿದ ಮೇಲೆ ಕೆಲಸ. ರಸ್ತೆ ಬದಿಯ ಗಿಡವಾದರೆ 1976ರ ಮರ ಸಂರಕ್ಷಣಾ ಕಾಯ್ದೆಯ ಅನುಮತಿ ಕಾಗದವನ್ನು ಕೆಲಸ ಕೊಟ್ಟವರಿಂದ ಕೇಳಿ ಪಡೆಯಿರಿ, ಇಲ್ಲದಿದ್ದರೆ ಜಪ್ತಿಯಾಗುವುದು ನಿಮ್ಮ ಮಷೀನು.

ಕಾಲಿಗೆ ಚಾಪ್ಸ್, ಅಂದರೆ ಚೈನು ತಡೆಯುವ ಕಾಲುಕವಚ. ಬಿಸಿಲಿಗೆ ಸಾಧ್ಯವಿಲ್ಲ ಎನ್ನಬೇಡಿ. ಪೂರ್ತಿ ಪ್ಯಾಂಟ್ ಬದಲು ಮುಂದಷ್ಟೇ ಮುಚ್ಚುವ, ಹಿಂದೆ ಬಕಲ್ ಇರುವಂಥದ್ದು ತನ್ನಿ, ಇಎನ್ 381 ಅಥವಾ ಐಎಸ್‌ಒ 11393, ಕ್ಲಾಸ್ 1. ಸೆಕೆಂಡಿಗೆ 20 ಮೀಟರ್ ಓಡುವ ಚೈನನ್ನು ಅದರ ನೂಲು ಸ್ಪ್ರಾಕೆಟಿಗೆ ಸುತ್ತಿಕೊಂಡು ನಿಲ್ಲಿಸುತ್ತದೆ. ಒಮ್ಮೆ ಕೊಯ್ದದ್ದನ್ನು ಹೊಲಿದು ಮತ್ತೆ ಹಾಕಬೇಡಿ. ಜಾಲಿ ಕೆಲಸಕ್ಕೆ ತೆಳು ಅಟ್ಟೆಯ ಬೂಟು ಬೇಡ, ಮುಳ್ಳು ನೇರ ಹಾಯುತ್ತದೆ. ಕೆಲಸ ಬೆಳಿಗ್ಗೆ ಆರಕ್ಕೆ ಹಿಡಿದು ಹನ್ನೊಂದಕ್ಕೆ ಬಿಡಿ.

ಹಣದ ಮಾತು. 60 ಸಾವಿರದಲ್ಲಿ ಅರ್ಧಕ್ಕಿಂತ ಹೆಚ್ಚು ಹತ್ತುವ ಹಗ್ಗ, ಸೀಟ್ ಹಾರ್ನೆಸ್, ಲ್ಯಾನ್ಯಾರ್ಡ್, ಕೊಂಡಿ, ಗಲ್ಲದ ಪಟ್ಟಿ ಇರುವ ಹೆಲ್ಮೆಟ್‌ಗೆ ಹೋಗಲಿ, ಮೂವರಲ್ಲಿ ಒಬ್ಬ ಮಾತ್ರ ಹತ್ತಲಿ. ಆಮೇಲೆ 18 ಇಂಚು ಬಾರ್, ಮೂರು ಸೆಮಿ ಚಿಸೆಲ್ ಚೈನು, ಆರು ಅರ, ಗೇಜ್, ಚಾಪ್ಸ್, ಕಿವಿ ಮುಚ್ಚುವ ಮಫ್. ಮೇಲೆ ಹತ್ತಿದವನಿಗೆ 30ರಿಂದ 33 ಸೆಂ.ಮೀ. ಅಲಗಿನ, ಎಳೆದಾಗ ಕೊಯ್ಯುವ ಬಾಗಿದ ಕೈಗರಗಸ ಕೊಡಿಸಿ. ಮೂರು ನಾಲ್ಕು ಇಂಚಿನ ಟೊಂಗೆಗೆ ಮಷೀನು ಎತ್ತುವಷ್ಟರಲ್ಲಿ ಅದು ಮುಗಿಸಿರುತ್ತದೆ. ಹುಂಬತನದಿಂದ ಮೇಲೆ 58 ಸಿಸಿ ಒಯ್ಯುವುದು ಬಿಟ್ಟುಬಿಡಿ. ಬ್ಯಾಟರಿ ಗರಗಸ ಒಳ್ಳೆಯದೇ, ಆರು ಇಂಚಿನವರೆಗೆ. ಆದರೆ ಬಿಸಿಲಲ್ಲಿ ಕಾದ ಬ್ಯಾಟರಿಯನ್ನು ಚಾರ್ಜರ್ ತಣಿಯುವವರೆಗೆ ಒಪ್ಪುವುದಿಲ್ಲ, ಕನಿಷ್ಠ ಮೂರು ಬ್ಯಾಟರಿ ಬೇಕು. ಈ ಹಣದಲ್ಲಿ ಈ ವರ್ಷ ಅದು ಬೇಡ. ಹಳೇ 58 ಸಿಸಿಯನ್ನು ಮಾರಬೇಡಿ, ಹೊಸ ಬಾರ್ ಹಾಕಿ ನೆಲದ ಮೇಲೆ ಬೊಡ್ಡೆ ತುಂಡು ಮಾಡಲು ಇಟ್ಟುಕೊಳ್ಳಿ. ಮುಂದಿನ ಹಂಗಾಮಿನಲ್ಲಿ ಎರಡನೇ ಮಷೀನು ಕೊಳ್ಳುವಾಗ 45ರಿಂದ 50 ಸಿಸಿ, 16 ಇಂಚು ಬಾರ್, ಮತ್ತು ಕೊಪ್ಪಳ ಅಥವಾ ಹೊಸಪೇಟೆಯಲ್ಲಿ ಬಿಡಿಭಾಗ ಸಿಗುವ ಕಂಪನಿಯದ್ದು ನೋಡಿ. ಕೊಳ್ಳುವ ಮೊದಲು ಅಂಗಡಿಯಲ್ಲೇ ಅದರ ಕಾರ್ಬುರೇಟರ್ ಪೊರೆ ಇದೆಯೇ, ತೋರಿಸಿ ಎಂದು ಕೇಳಿ.